ಹತ್ತು ಮಕ್ಕಳ ಡ್ಯಾನ್ಸು ಸಾಕು, ಇಡೀ ತರಗತಿ ಕುಣಿಯಲಿ: ಶಿವಮೊಗ್ಗ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಜಿಲ್ಲೆಯ ಶಾಲಾ ಶಿಕ್ಷಣದ ಹೊಣೆ ಹೊತ್ತ ಅಧಿಕಾರಿಗಳಿಗೆ, ಮುಖ್ಯ ಶಿಕ್ಷಕರಿಗೆ ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೆ,

ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಮ್ಮ ಕಡೆಯ ಬಹಳಷ್ಟು ಶಾಲೆಗಳಲ್ಲಿ ಒಂದೇ ಬಗೆಯ ತಯಾರಿ ಶುರುವಾಗುತ್ತದೆ. ಒಂದು ಸಿನಿಮಾ ಹಾಡು ಆರಿಸುತ್ತಾರೆ. ಮೊಬೈಲಿನಲ್ಲಿ ಅದರ ವಿಡಿಯೊ ಹಾಕಿ ಎಂಟೋ ಹತ್ತೋ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಚುರುಕಾದವರು, ಬೆಳ್ಳಗಿರುವವರು ಮುಂದಿನ ಸಾಲಿಗೆ, ಎತ್ತರದವರು ಹಿಂದಕ್ಕೆ, ತಾಳ ತಪ್ಪಿದವರು ಎರಡು ದಿನದಲ್ಲಿ ಹೊರಕ್ಕೆ. ವೇಷದ ಬಾಡಿಗೆ ಕೊಡಲಾಗದ ಮನೆಯ ಮಗು ತಾನಾಗಿಯೇ ‘ನಂಗೆ ಇಷ್ಟ ಇಲ್ಲ ಟೀಚರ್’ ಅಂದುಬಿಡುತ್ತದೆ. ಕಾಲಿನ ತೊಂದರೆ ಇರುವ, ಕಿವಿ ಕೇಳಿಸದ ಮಗುವಿಗೆ ಕುರ್ಚಿ ಜೋಡಿಸುವ ಕೆಲಸ ಸಿಗುತ್ತದೆ. ಮಿಕ್ಕವರೆಲ್ಲ ಚಪ್ಪಾಳೆ ತಟ್ಟುವವರು. ಪ್ರತಿಭಾ ಕಾರಂಜಿಯ ತಯಾರಿಯೂ ಹೆಚ್ಚುಕಮ್ಮಿ ಹೀಗೆಯೇ. ಆಯ್ದ ಕೆಲವರಿಗೆ ತಾಲೀಮು, ಗೆದ್ದವರಿಗೆ ಬಹುಮಾನ, ಆಮೇಲೆ ಮುಂದಿನ ವರ್ಷದವರೆಗೆ ಶಾಲೆಯಲ್ಲಿ ಕುಣಿತದ ಸುದ್ದಿಯೇ ಇಲ್ಲ.

ಶಿಕ್ಷಕರನ್ನು ದೂರಲು ನಾವು ಇದನ್ನು ಬರೆಯುತ್ತಿಲ್ಲ. ಒಬ್ಬರೋ ಇಬ್ಬರೋ ಇದ್ದುಕೊಂಡು ಐದು ತರಗತಿ ನೋಡಿ, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬಿ, ಉಳಿದ ಹೊತ್ತಿನಲ್ಲಿ ಅವರು ಡ್ಯಾನ್ಸ್ ಕಲಿಸುತ್ತಾರೆ. ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿಲ್ಲ. ಜಿಲ್ಲೆಯ ಶಾಲೆಗಳಲ್ಲಿ ನೃತ್ಯ ಮತ್ತು ರಂಗ ಚಟುವಟಿಕೆ ನಡೆಸುವ ನಾವು ಆ ದಾರಿ ಯಾವುದು, ಅದಕ್ಕೆ ಏನೇನು ಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ತಮ್ಮ ಮುಂದಿಡುತ್ತಿದ್ದೇವೆ.

ಆ ದಾರಿ ಸಮಕಾಲೀನ ನೃತ್ಯ. ಹಾಗೆಂದ ಕೂಡಲೇ ಟಿವಿ ಸ್ಪರ್ಧೆಗಳಲ್ಲಿ ಪಲ್ಟಿ ಹೊಡೆಯುವವರು ಕಣ್ಣ ಮುಂದೆ ಬರುತ್ತಾರೆ. ಶಾಲೆಗೆ ಬೇಕಾದದ್ದು ಆ ಚಮತ್ಕಾರವಲ್ಲ, ಅದರ ಬೇರು. ಯಾರೋ ಕಟ್ಟಿಟ್ಟ ಹೆಜ್ಜೆಯನ್ನು ಒಪ್ಪಿಸುವ ಬದಲು ತನ್ನ ಮೈಯ ಭಾರ, ಉಸಿರು, ವೇಗ, ಸುತ್ತಲಿನ ಜಾಗ, ಪಕ್ಕದಲ್ಲಿರುವವರು, ಇವುಗಳನ್ನು ಗಮನಿಸುತ್ತ ಚಲನೆ ಹುಡುಕುವುದು ಇಲ್ಲಿಯ ಕ್ರಮ. ರುಡಾಲ್ಫ್ ಲಾಬಾನ್ 1940ರ ದಶಕದಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ನೃತ್ಯವನ್ನು ತರಲು ದುಡಿದವರು. ಭಾರ, ಕಾಲ, ಜಾಗ, ಹರಿವು ಎಂಬ ನಾಲ್ಕು ಅಂಶಗಳಿಂದ ಯಾವ ಚಲನೆಯನ್ನೂ ಬಿಡಿಸಿ ನೋಡಬಹುದೆಂದು ಅವರು ತೋರಿಸಿದರು. 1972ರಲ್ಲಿ ಅಮೆರಿಕದ ನರ್ತಕ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್‌ನಲ್ಲಿ ಇಬ್ಬರು ಒಬ್ಬರಿಗೊಬ್ಬರು ಭಾರ ಕೊಟ್ಟು, ಭಾರ ಹೊತ್ತು ಕುಣಿಯುತ್ತಾರೆ. ಇದು ಹೊರಗಿನದು, ನಮಗೇಕೆ ಎನ್ನುವವರಿದ್ದಾರೆ. ಘಟ್ಟದ ಕೆಳಗೆ ಶಿವರಾಮ ಕಾರಂತರು ಯಕ್ಷಗಾನದ ಕುಣಿತವನ್ನೇ ಹಿಡಿದು ಬ್ಯಾಲೆ ಕಟ್ಟಿದರು. ನಮ್ಮದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, ಅಲ್ಲಿ ಮಾತಿನಷ್ಟೇ ಮೈಯನ್ನೂ ಪಳಗಿಸುತ್ತಾರೆ. ಡೊಳ್ಳಿನವರು ಮೊಣಕಾಲನ್ನು ಸಡಿಲ ಬಿಟ್ಟು ಭಾರವನ್ನು ನೆಲಕ್ಕೆ ಇಳಿಸುವ ರೀತಿ ನೋಡಿದವರಿಗೆ ಈ ವಿದ್ಯೆ ಅಪರಿಚಿತವೇನಲ್ಲ.

ಮಲೆನಾಡಿಗೆ ಇದು ಹೆಚ್ಚು ಒಪ್ಪುವುದಕ್ಕೆ ಮಳೆಯೇ ಕಾರಣ. ಶಾಲೆ ಶುರುವಾದ ಬೆನ್ನಿಗೇ ಮುಂಗಾರು ಹಿಡಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸೆಪ್ಟೆಂಬರ್‌ವರೆಗೂ ಆಟದ ಮೈದಾನ ಕೆಸರುಗದ್ದೆ. ಆಟದ ಪೀರಿಯಡ್ಡು ಗಣಿತಕ್ಕೋ ಕಾಪಿ ಬರೆಯುವುದಕ್ಕೋ ಹೋಗುತ್ತದೆ. ಅರ್ಧ ಒದ್ದೆಯಾದ ಸಮವಸ್ತ್ರದಲ್ಲಿ, ಥಂಡಿಗೆ ಕೈಕಾಲು ಮುದುಡಿಕೊಂಡು ಮಕ್ಕಳು ಬೆಳಗಿನಿಂದ ಸಂಜೆವರೆಗೆ ಬೆಂಚಿನ ಮೇಲಿರುತ್ತಾರೆ. ಸೂರಿನಡಿಯಲ್ಲೇ ಇಡೀ ತರಗತಿಯ ಮೈ ಬಿಸಿಯಾಗುವಂಥ ಪೀರಿಯಡ್ಡು ವರ್ಷದ ಬೇರೆ ತಿಂಗಳಿಗಿಂತ ಈ ನಾಲ್ಕು ತಿಂಗಳಲ್ಲೇ ಹೆಚ್ಚು ಬೇಕು.

ಜಾಗದ ಲೆಕ್ಕ ಹೇಳುತ್ತೇವೆ. 20 ಅಡಿ ಉದ್ದ, 20 ಅಡಿ ಅಗಲದ ಕೋಣೆ ಎಂದರೆ 400 ಚದರಡಿ. 30 ಮಕ್ಕಳು ಒಟ್ಟಿಗೆ ಎದ್ದರೆ ತಲೆಗೆ 13 ಚದರಡಿ, ಎರಡೂ ಕೈ ಚಾಚಲು ಆಗುವುದಿಲ್ಲ, ಪೆಟ್ಟು ಖಂಡಿತ. ಆದ್ದರಿಂದ 15 ಮಂದಿ ನೆಲದ ಮೇಲೆ, 15 ಮಂದಿ ಗೋಡೆಯ ಬದಿಗೆ. ಬದಿಗೆ ಕೂತವರಿಗೂ ಕೆಲಸವಿದೆ. ಒಬ್ಬೊಬ್ಬರು ಒಬ್ಬೊಬ್ಬರನ್ನೇ ನೋಡಿ, ಆಮೇಲೆ ಕಂಡದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ‘ಚೆನ್ನಾಗಿತ್ತು’ ಅನ್ನುವಂತಿಲ್ಲ. ‘ಅವನು ತಿರುಗುವಾಗೆಲ್ಲ ಮೊದಲು ತಲೆ ತಿರುಗುತ್ತೆ’ ಅನ್ನಬಹುದು.

ನೆಲದ ಬಗ್ಗೆ ಎಚ್ಚರ ಬೇಕು. ಕಾವಿ ನೆಲ, ಸಿಮೆಂಟು, ಟೈಲ್ಸು ಯಾವುದಾದರೂ ಸರಿ, ಮಳೆಗಾಲದಲ್ಲಿ ಬೆವರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಅಂಗೈ ಒತ್ತಿ ನೋಡಬೇಕು, ಅಂಟಿದರೆ ಗೋಣಿಚೀಲದಿಂದ ಒರೆಸಿ ಹತ್ತು ನಿಮಿಷ ಬಿಡಬೇಕು. ಕಾಲುಚೀಲ ಹಾಕಿಕೊಂಡು ಕುಣಿಯಬಾರದು, ಬರಿಗಾಲೇ ಭದ್ರ. ಸಿಮೆಂಟಿನ ಮೇಲೆ ನೆಗೆತ ಬೇಡವೇ ಬೇಡ. ಮರದ ನೆಲ ಪೆಟ್ಟನ್ನು ಸ್ವಲ್ಪ ತಾನು ತಿನ್ನುತ್ತದೆ, ಸಿಮೆಂಟು ಎಲ್ಲವನ್ನೂ ಮೊಣಕಾಲಿಗೇ ವಾಪಸು ಕೊಡುತ್ತದೆ. ವಾರ್ಷಿಕೋತ್ಸವದ ತಾಲೀಮಿನ ಎರಡನೇ ವಾರಕ್ಕೆ ಮಕ್ಕಳು ಕಣಕಾಲು ನೋವು ಅನ್ನುವುದು ಇದರಿಂದಲೇ. ಜಮಖಾನೆ ಹಾಸಿ ಓಡಿಸಿದರೆ ಅದು ಸುರುಳಿಯಾಗಿ ಕಾಲಿಗೆ ತೊಡರುತ್ತದೆ. ಮಲಗಿ ಉರುಳುವ ಅಭ್ಯಾಸಕ್ಕೆ ಮಾತ್ರ ಹಾಸಿ, ಅದರ ಅಂಚನ್ನು ಬೆಂಚಿನ ಕಾಲಿನಡಿ ಸಿಕ್ಕಿಸಿ. ಹಳೆಯ ಡೆಸ್ಕಿನಿಂದ ಎದ್ದ ಮೊಳೆಗಳನ್ನು ಹಿಂದಿನ ದಿನವೇ ಹೊಡೆದಿಡಿ.

ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಟೀಚರ ಮಾತು ಎರಡನೇ ಸಾಲಿಗೂ ಕೇಳುವುದಿಲ್ಲ. ಮೊದಲ ತರಗತಿಯಲ್ಲೇ ಕೈಸನ್ನೆ ಗೊತ್ತು ಮಾಡಿಕೊಳ್ಳಬೇಕು, ಕೈ ಮೇಲೆತ್ತಿದರೆ ನಿಲ್ಲು, ಅಂಗೈ ಕೆಳಗಿಳಿಸಿದರೆ ನಿಧಾನ. ಕರೆಂಟು ಹೋದರೆ ಹಾಡೂ ಇಲ್ಲ ಎಂಬ ಚಿಂತೆ ಬೇಡ. ಮೊದಲ ಒಂದು ತಿಂಗಳು ಹಾಡು ಹಾಕಲೇಬಾರದು. ಹಾಡು ಕಿವಿಗೆ ಬಿದ್ದದ್ದೇ ತಡ ಮಕ್ಕಳ ಕೈಕಾಲು ಕಂಡ ಸಿನಿಮಾದ ಹೆಜ್ಜೆಗೆ ಹೊರಳುತ್ತವೆ, ಹೊಸದು ಹುಟ್ಟಲು ಜಾಗವೇ ಉಳಿಯುವುದಿಲ್ಲ. ಡೆಸ್ಕಿನ ಮೇಲೆ ಒಂದು ಮಗು ತಟ್ಟುವ ತಾಳ ಧಾರಾಳ ಸಾಕು.

ಇನ್ನು 40 ನಿಮಿಷದ ತರಗತಿ. ಮೊದಲ ಮೂರು ನಿಮಿಷ ಬರೀ ನಿಲ್ಲುವುದು. ಪಾದಗಳ ನಡುವೆ ಸೊಂಟದಷ್ಟು ಅಂತರ, ಮೊಣಕಾಲು ಬಿಗಿ ಹಿಡಿಯದೆ, ಕಣ್ಣು ಅರೆಮುಚ್ಚಿ. ಸುಮ್ಮನೆ ನಿಂತಿದ್ದೇನೆ ಅಂದುಕೊಂಡರೂ ಪಾದದ ಗಂಟು ಮುಂದಕ್ಕೆ ಹಿಂದಕ್ಕೆ ತೂಗುತ್ತಲೇ ಇರುವುದು ಮಗುವಿಗೆ ಗೊತ್ತಾಗುತ್ತದೆ. ಪ್ಯಾಕ್ಸ್‌ಟನ್ ಇದನ್ನು ಸಣ್ಣ ನೃತ್ಯ ಎಂದು ಕರೆದರು. ಆಮೇಲೆ ನಡಿಗೆ. ಕೋಣೆ ತುಂಬ ನಡೆಯಬೇಕು, ಯಾರಿಗೂ ತಾಗಬಾರದು. ಒಂದು ನಿಮಿಷ ಕಳೆಯುವುದರೊಳಗೆ ಎಲ್ಲರೂ ದೇವಸ್ಥಾನಕ್ಕೆ ಸುತ್ತು ಬರುವವರ ಹಾಗೆ ಒಂದೇ ದಿಕ್ಕಿಗೆ ತಿರುಗತೊಡಗುತ್ತಾರೆ, ನಡುವಿನ ಜಾಗ ಖಾಲಿ ಬೀಳುತ್ತದೆ. ಪ್ರತಿ ಮಗುವೂ ಮುಂದಿನವರ ಬೆನ್ನು ನೋಡುತ್ತಿರುತ್ತದೆ, ಅದಕ್ಕೆ ಹೀಗಾಗುವುದು. ‘ಜನರನ್ನು ನೋಡಬೇಡಿ, ಖಾಲಿ ಜಾಗ ನೋಡಿ, ಅಲ್ಲಿಗೆ ನಡೆಯಿರಿ’ ಎಂದರೆ ಸರಿಹೋಗುತ್ತದೆ. ನಂತರ ಸನ್ನೆಯಿಲ್ಲದೆ ಎಲ್ಲರೂ ಒಟ್ಟಿಗೆ ನಿಲ್ಲುವ ಆಟ. ಯಾರಾದರೊಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು, ಒಬ್ಬರು ಹೊರಟರೆ ಎಲ್ಲರೂ ಹೊರಡಬೇಕು. ಮೊದಲ ದಿನ ಕೊನೆಯ ಮಗು ನಿಲ್ಲುವಷ್ಟರಲ್ಲಿ ಮೊದಲ ಮಗು ಮತ್ತೆ ಹೊರಟಿರುತ್ತದೆ. ವಾರವಾರ ಮಾಡುತ್ತ ಹೋದರೆ ಒಂದೇ ಉಸಿರಿಗೆ ನಿಲ್ಲತೊಡಗುತ್ತಾರೆ. ಇಲ್ಲಿ ನಾಯಕ ಇಲ್ಲ. ಮುಂದಿನ ಬೆಂಚಿನವರು, ಹಿಂದಿನ ಬೆಂಚಿನವರು ಎಂಬ ಗೆರೆ ಇಲ್ಲಿ ತಾನಾಗಿಯೇ ಅಳಿಸುತ್ತದೆ.

ಕನ್ನಡಿ ಅಭ್ಯಾಸ ಹಲವರಿಗೆ ಗೊತ್ತು, ಆದರೆ ಹೆಚ್ಚಿನ ಕಡೆ ಅದು ನಗೆಯಾಟದಲ್ಲಿ ಮುಗಿಯುತ್ತದೆ. ಮುಂದಾಳಾದ ಮಗು ಎದುರಿನವರನ್ನು ಸೋಲಿಸಲು ಸರಸರ ಕೈಯಾಡಿಸುವುದೇ ಅದಕ್ಕೆ ಕಾರಣ. ಗುರಿಯನ್ನು ತಿರುಗಿಸಿ ಹೇಳಬೇಕು: ಮೂರನೆಯವರು ಬಂದು ನೋಡಿದರೆ ಯಾರು ಮುಂದು, ಯಾರು ಹಿಂದು ಎಂದು ಗೊತ್ತಾಗಬಾರದು. ಆಗ ಮುಂದಾಳು ತಾನಾಗಿ ನಿಧಾನವಾಗುತ್ತದೆ, ಎದುರಿನವರು ತಲುಪಿದರೋ ಎಂದು ಕಾಯುತ್ತದೆ. ಶುರುವಿಗೆ ಒಂದೇ ಅಂಗೈ, ಕಣ್ಣು ಎದುರಿನವರ ಎದೆಯ ಮೇಲೆ. ಕೈ ನೋಡುತ್ತ ಕೂತರೆ ಯಾವಾಗಲೂ ಒಂದು ಹೆಜ್ಜೆ ತಡವಾಗುತ್ತದೆ. ಎರಡೆರಡು ನಿಮಿಷಕ್ಕೆ ಅದಲುಬದಲು, ಕೊನೆಯ ಎರಡು ನಿಮಿಷ ಮುಂದಾಳು ಇಬ್ಬರೂ ಅಲ್ಲ. ಕಟ್ಟಡದ ಕೆಲಸಕ್ಕೋ ತೋಟದ ಕೆಲಸಕ್ಕೋ ದೂರದಿಂದ ಬಂದ ಕುಟುಂಬದ, ಕನ್ನಡ ಇನ್ನೂ ಸರಿಯಾಗಿ ಬಾರದ ಮಗು ಈ ಎಂಟು ನಿಮಿಷದಲ್ಲಿ ಯಾರಿಗೂ ಕಡಿಮೆಯಿರುವುದಿಲ್ಲ. ಕಿವಿ ಕೇಳಿಸದ ಮಗು ಸಾಮಾನ್ಯವಾಗಿ ಎಲ್ಲರಿಗಿಂತ ಮುಂದಿರುತ್ತದೆ, ಏಕೆಂದರೆ ಅದು ದಿನವೆಲ್ಲ ಮಾಡುವ ಕೆಲಸವೇ ಕಣ್ಣಿಟ್ಟು ನೋಡುವುದು.

ಭಾರ ಹಂಚಿಕೊಳ್ಳುವ ಅಭ್ಯಾಸವನ್ನು ಗಡಿಬಿಡಿಯಲ್ಲಿ ಮಾಡಬಾರದು. ಇಬ್ಬರು ಎದುರುಬದುರು ನಿಂತು, ಬೆರಳಲ್ಲ, ಮಣಿಕಟ್ಟು ಹಿಡಿದು, ಕೈ ನೀಡಿ ಹಿಂದಕ್ಕೆ ವಾಲುತ್ತಾರೆ. ಹೆದರಿದ ಮಗು ಕುಂಡೆಯನ್ನು ಮಾತ್ರ ಹಿಂದಕ್ಕೆ ತಳ್ಳಿ ಎದೆಯನ್ನು ಮುಂದೆ ಉಳಿಸಿಕೊಳ್ಳುತ್ತದೆ. ಆಗ ತೂಕ ಹೊರಕ್ಕೆ ಬರುವುದಿಲ್ಲ, ಎದುರಿನವರು ಎಳೆಯಬೇಕಾಗುತ್ತದೆ, ಇಬ್ಬರೂ ಬೀಳುತ್ತಾರೆ. ಹಿಮ್ಮಡಿಯಿಂದ ತಲೆವರೆಗೆ ಮೈ ಒಂದೇ ಹಲಗೆಯ ಹಾಗಿರಬೇಕು, ಮೊದಲು ನಾಲ್ಕೇ ಬೆರಳಿನಷ್ಟು ವಾಲಬೇಕು. ಆರಂಭದಲ್ಲಿ ಎತ್ತರ, ತೂಕ ಸರಿಸಮ ಇರುವವರನ್ನೇ ಜೋಡಿ ಮಾಡಿ. ಬೆನ್ನಿಗೆ ಬೆನ್ನು ಕೊಟ್ಟು ಕೂತು ಏಳುವಾಗ ಭಾರವನ್ನು ಹೆಗಲಿನ ಹಲಗೆ ಮತ್ತು ಸೊಂಟದ ಎಲುಬಿಗೆ ಕೊಡಬೇಕು. ಕುತ್ತಿಗೆ, ನಡುವಿನ ತಗ್ಗು, ಮೊಣಕಾಲು, ಇವುಗಳ ಮೇಲೆ ಎಂದೂ ಕೂಡದು. ಒಬ್ಬರ ಮೈಭಾರದ ಗೆರೆ ಪಾದದ ಆಚೆ ಹೋದರೂ ಇನ್ನೊಬ್ಬರು ತೂಗಿದರೆ ಇಬ್ಬರೂ ನಿಲ್ಲುತ್ತಾರೆ. ವಿಜ್ಞಾನದ ಪಾಠದಲ್ಲಿ ಬರುವ ಗುರುತ್ವಕೇಂದ್ರವನ್ನು ಮಗು ಇಲ್ಲಿ ಮೊಣಕೈಯ ಬಿಗಿತದಲ್ಲಿ ಅರಿಯುತ್ತದೆ.

ಏಳು, ಎಂಟನೇ ತರಗತಿಯಲ್ಲಿ ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಮುಟ್ಟುವ ಪ್ರಶ್ನೆ ಬರುತ್ತದೆ, ಪೋಷಕರೂ ಕೇಳುತ್ತಾರೆ, ಕೇಳಬೇಕು. ಅಲ್ಲಿ ನಮ್ಮ ಕೋಲಾಟದ ಕೋಲು ನೆರವಿಗೆ ಬರುತ್ತದೆ. ಎರಡು ಅಡಿ ಉದ್ದದ ಬಿದಿರಿನ ಕೋಲು, ತುದಿಗಳನ್ನು ಉಜ್ಜಿ ನುಣುಪು ಮಾಡಿದ್ದು. ಒಂದು ತುದಿ ಒಬ್ಬರ ತೋರುಬೆರಳಿಗೆ, ಇನ್ನೊಂದು ತುದಿ ಇನ್ನೊಬ್ಬರ ತೋರುಬೆರಳಿಗೆ ಒತ್ತಿ ಇಬ್ಬರೂ ನಡೆಯಬೇಕು, ಕೂರಬೇಕು, ತಿರುಗಬೇಕು. ಒತ್ತು ಕಮ್ಮಿಯಾದರೆ ಕೋಲು ಬೀಳುತ್ತದೆ, ಜಾಸ್ತಿಯಾದರೆ ಬೆರಳು ನೋಯುತ್ತದೆ. ಇಬ್ಬರಿಗೂ ಹಿತವಾದ ಒತ್ತು ಎಷ್ಟೆಂದು ಮಾತಿಲ್ಲದೆ ಇಬ್ಬರೇ ಹುಡುಕಿಕೊಳ್ಳಬೇಕು. ಮುಟ್ಟುವ ಅಭ್ಯಾಸ ಯಾವುದೇ ಇರಲಿ, ‘ಬೇಡ’ ಎಂಬುದಕ್ಕೆ ಒಂದು ಸನ್ನೆ ಇರಲಿ, ಅದನ್ನು ತೋರಿಸಿದ ಮಗುವನ್ನು ಯಾಕೆ ಎಂದು ಕೇಳಬೇಡಿ. ಕೋಣೆಯ ಬಾಗಿಲು ತೆರೆದಿರಲಿ, ದೊಡ್ಡವರು ಇಬ್ಬರಿರಲಿ. ತಿದ್ದುವುದನ್ನು ಬಾಯಿಂದ ಹೇಳಿ, ಕೈಯಿಂದ ಬೇಡ.

ಕನ್ನಡ ಪಾಠಕ್ಕೂ ಇದರ ನಂಟು ಬಲವಾಗಿದೆ. ಬಾಗು, ಬಗ್ಗು, ವಾಲು, ಒರಗು, ಎರಗು. ಐದಕ್ಕೂ ಅರ್ಥ ಬರೆಯಿರಿ ಎಂದರೆ ಮಗು ಐದಕ್ಕೂ ಒಂದೇ ಅರ್ಥ ಬರೆಯುತ್ತದೆ. ಮೈಯಲ್ಲಿ ಮಾಡಿ ತೋರಿಸು ಎಂದರೆ ಒರಗಲು ಗೋಡೆಯೋ ಗೆಳೆಯನೋ ಬೇಕೆಂದೂ, ವಾಲಿದ್ದು ಇನ್ನೇನು ಬೀಳುವಂತಿರುತ್ತದೆಂದೂ, ಎರಗುವುದರಲ್ಲಿ ಎದುರಿಗೆ ಒಬ್ಬರು ಇರಲೇಬೇಕೆಂದೂ ತಾನೇ ಕಂಡುಕೊಳ್ಳುತ್ತದೆ. ತೂಗಾಡು, ಓಲಾಡು, ತೂರಾಡು, ತೇಲಾಡು ಎಂದು ಮುಂದುವರಿಸಿ, ತರಗತಿಗೆ ಒಂದು ವಾರ ಸಾಲುತ್ತದೆ.

ಕೊನೆಯ ಹತ್ತು ನಿಮಿಷ ಕಟ್ಟುವ ಕೆಲಸ. ಇದಕ್ಕೆ ಸಿನಿಮಾಕ್ಕಿಂತ ಮನೆಯಂಗಳ ಒಳ್ಳೆಯ ಗಣಿ. ಅಡಿಕೆ ಸುಲಿಯುವುದನ್ನು ನೋಡಿ. ಮೆಟ್ಟುಗತ್ತಿಯ ಮುಂದೆ ಕೂತವರ ಬೆನ್ನು ಗಂಟೆಗಟ್ಟಲೆ ಅಲ್ಲಾಡುವುದಿಲ್ಲ, ಇಡೀ ಚಲನೆ ಮುಂಗೈಯಲ್ಲಿ. ಅಡಿಕೆಯನ್ನು ಅಲಗಿಗೆ ಒತ್ತಿ, ಚಕ್ಕನೆ ತಿರುಚಿ, ಸಿಪ್ಪೆ ಒಂದು ಕಡೆಗೆ, ಅಡಿಕೆ ಇನ್ನೊಂದು ಕಡೆಗೆ. ಲಾಬಾನರ ಮಾತಿನಲ್ಲಿ ಇದು ನೇರ, ಚುರುಕು, ಹಿಡಿತದ ಚಲನೆ. ಸಸಿ ನೆಡುವುದು ಬೇರೆಯದೇ. ನಡು ಬಗ್ಗಿ, ಒಂದು ಕೈಯಲ್ಲಿ ಸಸಿಯ ಕಟ್ಟು, ಇನ್ನೊಂದು ಕೈ ಕೆಸರಿಗೆ ಇಳಿದು ಮೇಲೆದ್ದು, ಕಾಲು ಹಿಂದೆ ಹಿಂದೆ. ನಾಲ್ಕು ಮಕ್ಕಳ ಗುಂಪು ಮನೆಯಲ್ಲಿ ಕಂಡ ನಾಲ್ಕು ಕೆಲಸ ಆರಿಸಿ, ಒಂದೊಂದಕ್ಕೆ ಎಂಟು ಎಣಿಕೆಯಂತೆ 32 ಎಣಿಕೆಯ ಸರಣಿ ಮಾಡುತ್ತದೆ. ಆಮೇಲೆ ಅದನ್ನು ಒಡೆಯಬೇಕು. ಮುಂಗೈಯ ತಿರುಚನ್ನು ಇಡೀ ಮೈಗೆ ಹಬ್ಬಿಸಿ. ನಾಟಿಯನ್ನು ಎರಡರಷ್ಟು ನಿಧಾನ ಮಾಡಿ. ಸರಣಿಯನ್ನು ಕೊನೆಯಿಂದ ಮೊದಲಿಗೆ ಮಾಡಿ. ಒಬ್ಬರು ಶುರು ಮಾಡಿದ ಎರಡು ಎಣಿಕೆಗೆ ಇನ್ನೊಬ್ಬರು ಹೊರಡಲಿ. ನಾಲ್ಕನೆಯ ಮಗು ಮುಗಿಸುವುದು ಎಷ್ಟನೇ ಎಣಿಕೆಗೆ ಎಂದು ಕೇಳಿದರೆ ಬೆರಳು ಮಡಿಸುತ್ತಾರೆ, 38 ಎಂದು ಹೇಳುತ್ತಾರೆ. ಶಿಕ್ಷಕರು ಮಾಡುವ ದೊಡ್ಡ ತಪ್ಪೆಂದರೆ ಮೊದಲು ತಾವು ಮಾಡಿ ತೋರಿಸುವುದು. ತೋರಿಸಿದ್ದೇ ತಡ, ಮೂವತ್ತೂ ಮಕ್ಕಳು ಅದನ್ನೇ ಮಾಡುತ್ತಾರೆ.

ವಿಶೇಷ ಚೇತನ ಮಕ್ಕಳನ್ನು ಬದಿಗೆ ಕೂರಿಸುವ ರೂಢಿ ನಮಗೆ ಬಹಳ ನೋವು ಕೊಡುತ್ತದೆ. 1991ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಕ್ಯಾಂಡೊಕೊ ತಂಡದಲ್ಲಿ ಗಾಲಿಕುರ್ಚಿಯ ಕಲಾವಿದರು, ಇತರರು ಒಟ್ಟಿಗೆ ಕುಣಿಯುತ್ತ ಬಂದಿದ್ದಾರೆ. ತರಗತಿಯಲ್ಲಿ ಇದಕ್ಕೆ ಬೇಕಾದದ್ದು ಮಾತಿನಲ್ಲಿ ಒಂದು ಸಣ್ಣ ಬದಲಾವಣೆ. ‘ನೆಗೆಯಿರಿ’ ಎನ್ನುವ ಬದಲು ‘ಎತ್ತರ ಬದಲಿಸಿ’ ಎನ್ನಿ, ‘ಓಡಿ’ ಎನ್ನುವ ಬದಲು ‘ಜಾಗ ಬದಲಿಸಿ’ ಎನ್ನಿ. ಕುರ್ಚಿಯಲ್ಲಿ ಕೂತ ಮಗು ಎದೆಯಿಂದಲೋ ಕೈಯಿಂದಲೋ ಉತ್ತರ ಹುಡುಕುತ್ತದೆ, ಪಕ್ಕದ ಮಕ್ಕಳು ಆ ಉತ್ತರವನ್ನು ಅದರಿಂದ ಕಲಿಯುತ್ತಾರೆ.

ಇದೆಲ್ಲ ತಮ್ಮ ಔದಾರ್ಯವನ್ನು ಕೇಳುವ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಚಟುವಟಿಕೆಯ ಮೂಲಕ, ಭಯವಿಲ್ಲದೆ ಕಲಿಯುವುದನ್ನು ಪಠ್ಯಕ್ರಮದ ನಿಯಮವಾಗಿಯೇ ಹೇಳಿದೆ. ಆರರಿಂದ ಎಂಟನೇ ತರಗತಿವರೆಗಿನ ದಾಖಲಾತಿ 100 ಮೀರಿದ ಶಾಲೆಗೆ ಕಲಾ ಶಿಕ್ಷಣ, ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಇರಬೇಕೆಂದು ಅದರ ಅನುಸೂಚಿಯಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಪಾಠದೊಳಗೆ ಬೆರೆಸಲು ಹೇಳುತ್ತದೆ. ಆದರೆ ಮಲೆನಾಡಿನ ಶಾಲೆಗಳಲ್ಲಿ ನೂರರ ಗಡಿ ಮುಟ್ಟುವವು ಎಷ್ಟು? ಹಳ್ಳಿಗಳು ಚದುರಿವೆ, ಮನೆಗಳು ತೋಟದೊಳಗಿವೆ, ಮಕ್ಕಳ ಸಂಖ್ಯೆ ಕಡಿಮೆ. ತಲೆ ಎಣಿಸಿ ಕೊಡುವ ಸೌಲಭ್ಯ ಇಲ್ಲಿಗೆ ತಲುಪುವುದೇ ಇಲ್ಲ. ಹನ್ನೆರಡು ಮಕ್ಕಳ ಶಾಲೆಗೂ ಕಲಾ ಶಿಕ್ಷಕರು ಬೇಕು. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನಲ್ಲಿ ಐದು ಶಾಲೆಗೆ ಸೇರಿ ಒಬ್ಬರನ್ನು ಕೊಡಿ, ದಿನಕ್ಕೊಂದು ಶಾಲೆಯಂತೆ ಅವರು ಹೋಗಲಿ. ನೀನಾಸಮ್‌ನಲ್ಲಿ, ಶಿವಮೊಗ್ಗ ರಂಗಾಯಣದಲ್ಲಿ ಪಳಗಿದವರು ಈ ಜಿಲ್ಲೆಯಲ್ಲೇ ಇದ್ದಾರೆ. ಡೊಳ್ಳು, ಯಕ್ಷಗಾನ ಬಲ್ಲ ಹಿರಿಯರನ್ನೂ ಅವರ ಜೊತೆ ಕರೆಯಿರಿ, ಗೌರವಧನ ಕೊಟ್ಟು.

ವೇಳಾಪಟ್ಟಿಯಲ್ಲಿ ವಾರಕ್ಕೆ 40 ನಿಮಿಷ ಇದಕ್ಕೆಂದೇ ಬರೆಯಬೇಕೆಂಬುದು ನಮ್ಮ ಮೊದಲ ಬೇಡಿಕೆ. ಪರೀಕ್ಷೆ ಹತ್ತಿರ ಬಂತೆಂದು ಅದನ್ನು ಬೇರೆ ವಿಷಯಕ್ಕೆ ಕೊಡಬಾರದು. ಚೀಲವಿಲ್ಲದ ಸಂಭ್ರಮ ಶನಿವಾರಗಳಿವೆ, ಶುರುವನ್ನು ಅಲ್ಲಿಂದಲೂ ಮಾಡಬಹುದು. ಶಿಕ್ಷಕರ ತರಬೇತಿ ಒಂದು ದಿನದ ಭಾಷಣವಾಗದೆ ಮೂರು ದಿನ ಇರಲಿ, ಅದರಲ್ಲಿ ಅವರೇ ಬರಿಗಾಲಲ್ಲಿ ನೆಲಕ್ಕಿಳಿಯಲಿ, ಎರಡು ತಿಂಗಳ ಮೇಲೆ ಒಬ್ಬರು ಅವರ ಶಾಲೆಗೆ ಹೋಗಿ ತರಗತಿ ನೋಡಿ ಬರಲಿ. ಆ ದಿನಗಳಲ್ಲಿ ಶಿಕ್ಷಕಿಯರಿಗೆ ಚೂಡಿದಾರ್ ಹಾಕಲು ಅಡ್ಡಿಯಿರಬಾರದು. ಮೊಣಕಾಲು ನೋವಿರುವ ಹಿರಿಯ ಶಿಕ್ಷಕರು ಕುರ್ಚಿಯಲ್ಲಿ ಕೂತೇ ಈ ತರಗತಿ ನಡೆಸಬಹುದು, ಕಣ್ಣು ಚುರುಕಾಗಿದ್ದರಾಯಿತು. ಪ್ರತಿಭಾ ಕಾರಂಜಿಯ ಸ್ಪರ್ಧೆಗಳನ್ನು ನಿಲ್ಲಿಸಿ ಎನ್ನುವುದಿಲ್ಲ. ಅದರ ಜೊತೆಗೆ ಬಹುಮಾನವಿಲ್ಲದ, ಒಂದು ತರಗತಿಯ ಎಲ್ಲ ಮಕ್ಕಳೂ ಇರಲೇಬೇಕಾದ ಒಂದು ಪ್ರಸ್ತುತಿಗೆ ಜಾಗ ಮಾಡಿ. ವಾರ್ಷಿಕೋತ್ಸವದಲ್ಲೂ ಅಂಥದ್ದೊಂದು ಇರಲೆಂದು, ಅದಕ್ಕೆ ಬಾಡಿಗೆ ವೇಷ ಬೇಡವೆಂದು ಸುತ್ತೋಲೆ ಕಳಿಸಿ.

ಎಸ್‌ಡಿಎಂಸಿಯವರಲ್ಲಿ ಕೇಳುವುದು ಕಡಿಮೆ: ಸೋರುವ ಹಂಚು ಮೇ ತಿಂಗಳಲ್ಲೇ ತಿರುವಿಸಿದ ಒಂದು ಕೋಣೆ, ಹದಿನೈದು ಬಿದಿರಿನ ಕೋಲು, ನಾಲ್ಕು ಜಮಖಾನೆ.

ಮುಂದಿನ ಸಾಲಿನ ವೇಳಾಪಟ್ಟಿ ಬರೆಯುವ ಮೊದಲು ತಮ್ಮ ಉತ್ತರ ಬರಲೆಂದು ಕೋರುತ್ತೇವೆ. ಯಾವ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಕರೆದರೂ ಬಂದು 40 ನಿಮಿಷದ ತರಗತಿ ನಡೆಸಿ ತೋರಿಸಲು ನಾವು ತಯಾರಿದ್ದೇವೆ. ಅಧಿಕಾರಿಗಳು ಕುರ್ಚಿಯಲ್ಲಿ ಕೂತು ನೋಡುವುದಕ್ಕಿಂತ ಶಿಕ್ಷಕರ ಜೊತೆ ನಡಿಗೆಯ ಅಭ್ಯಾಸಕ್ಕಾದರೂ ಸೇರಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ನೃತ್ಯ ಮತ್ತು ರಂಗ ಚಟುವಟಿಕೆ ನಡೆಸುವವರು